ಕಬ್ಬಿಣದ ಎತ್ತು, ಏಳನೆಯ ಕಂತು: ಮಲಗಿಸದ ಅಡಿಗಲ್ಲು

ಎತ್ತಿನ ಕುತ್ತಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ ಮನ್ಸೂರಅಲಿ ಥಟ್ಟನೆ ಕೈ ನಿಲ್ಲಿಸಿದ.

ಎಂಟು ದಿನದ ಹಿಂದೆ ಈ ಕುತ್ತಿಗೆ ಹೀಗಿರಲಿಲ್ಲ.

ಅಂದು ರುಂಡ ಮುಂಡ ಕೂಡುವಲ್ಲಿ ಹಾಕಿದ್ದ ಬೆಸುಗೆ ಗೋಡೆಗೆ ತಟ್ಟಿದ ಸೆಗಣಿ ಕುಳ್ಳಿನಂತೆ ಗಂಟುಗಂಟಾಗಿತ್ತು. 'ಬದಸೂರತ್ ಜೋಡ್', ಕುರೂಪಿ ಬೆಸುಗೆ, ಎಂದು ತಾನೇ ಪಂಚನಾಮೆಯಲ್ಲಿ ಉರ್ದುವಿನಲ್ಲಿ ಬರೆದು, ಫಸಲಿ ೧೩೫೬ರ, ಅಂದರೆ ೧೯೪೭ರ, ಖುರ್ದಾದ್ ತಿಂಗಳ ತಾರೀಖು ಹಾಕಿ ರುಜು ಮಾಡಿದ್ದ. ಈಗ ಅದೇ ಜಾಗದಲ್ಲಿ ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಸಣ್ಣ ಅಲೆಗಳು ಸಾಲುಗಟ್ಟಿದ್ದವು. ಉಗುರು ಎಳೆದರೆ ಎಲ್ಲಿಯೂ ತಡೆಯುತ್ತಿರಲಿಲ್ಲ.

ಸುರಪುರದ ದೇಸಾಯರ ವಾಡೆಯ ಅಂಗಳದಲ್ಲಿ ಆ ಕಬ್ಬಿಣದ ಎತ್ತು ಆಳೆತ್ತರ ನಿಂತಿತ್ತು. ಪಕ್ಕೆಲುಬುಗಳು ಬಂಡಿಗಾಲಿಯ ಹಳಿ. ಹಿಣಿಲು ತೂತು ಬಿದ್ದ ಕಡಾಯಿ. ಮೊಣಕಾಲು ಮುದನಾಳದ ಯಾವುದೋ ಬಾವಿಯ ಒಡೆದ ರಾಟಿ. ಗಂಗೆದೊಗಲು ರೈಲಿನ ಡಬ್ಬಿಯಿಂದ ಕಳಚಿದ ಸರಪಳಿ. ಜನ ಗುಜರಿ ಎಂದು ಎಸೆದದ್ದನ್ನು ಹೆಕ್ಕಿ ತಂದು, ಈಗ ಉಸಿರು ಬಿಟ್ಟೀತು ಎನ್ನುವಂತೆ ಕೂಡಿಸುವ ಕೈ ಈ ಸೀಮೆಯಲ್ಲಿ ಒಂದೇ ಇತ್ತು. ಅದು ದೋರನಹಳ್ಳಿಯ ಕಮ್ಮಾರ ದ್ಯಾವಪ್ಪನದು.

ಆ ದ್ಯಾವಪ್ಪ ಊರ ಹೊರಗಿನ ತನ್ನ ಗುಡಿಸಲಿನಲ್ಲಿ ಬೆಸುಗೆಯ ಗ್ಯಾಸು ಹೊತ್ತಿಕೊಂಡು ಕರಕಲಾಗಿ ಇಪ್ಪತ್ತಾರು ದಿನವಾಗಿತ್ತು. ಗ್ಯಾಸಿನ ಡಬ್ಬಿ ಕೆಡಿಸಿಟ್ಟು ಕೊಂದನೆಂದು ಅವನ ಹೆಂಡತಿಯ ತಮ್ಮ ಮರಿಲಿಂಗಪ್ಪನನ್ನು ಹಿಡಿದು ಲಾಕಪ್ಪಿನಲ್ಲಿ ಕೂರಿಸಿದ್ದೂ ಆಗಿತ್ತು. ಇವತ್ತು ಸಂಜೆ ಐದರ ಗಾಡಿಗೆ ಅವನನ್ನು ಯಾದಗಿರಿಯಿಂದ ಗುಲಬರ್ಗಾಕ್ಕೆ ಸಾಗಿಸಬೇಕು. ಅಲ್ಲಿಂದ ಮುಂದೆ ನೇಣಿನ ಹಗ್ಗಕ್ಕೆ ದಾರಿ ಬಹಳ ದೂರವಿರಲಿಲ್ಲ.

"ಏನ್ರಿ ಅಮೀನಸಾಬ್, ಕಬ್ಬಿಣದ ಎತ್ತಿಗೂ ಉಣ್ಣಿ ಹತ್ಯಾವೇನು? ಭಾಳ ಹುಡುಕಾಕತ್ತೀರಿ."

ಕೇಳಿದವನು ವಾಡೆಯ ಕಾರಭಾರಿ ಭಾಗಣ್ಣ. ದೇಸಾಯರು ವರ್ಷದಲ್ಲಿ ಹತ್ತು ತಿಂಗಳು ಹೈದರಾಬಾದಿನಲ್ಲಿರುತ್ತಿದ್ದರು. ವಾಡೆಯ ಬೀಗದ ಕೈಯೂ ಊರಿನ ಜುಟ್ಟೂ ಭಾಗಣ್ಣನ ಕೈಯಲ್ಲೇ ಇದ್ದವು. ಅಮೀನ ಎಂದರೆ ಆಗಿನ ನಿಜಾಮ ಸರಕಾರದ ಫೌಜದಾರ, ಊರೂರು ನಡುಗಿಸುವ ಹುದ್ದೆ. ಈ ಭಾಗಣ್ಣ ಮಾತ್ರ ಅಮೀನನ ಮುಂದೆಯೂ ಎಲೆಯಡಿಕೆ ಜಗಿಯುವುದು ನಿಲ್ಲಿಸುತ್ತಿರಲಿಲ್ಲ.

"ನಾ ಹೋದ ಮ್ಯಾಲ ಇದರ ಮೈ ಯಾರರ ಮುಟ್ಯಾರೇನು, ಕಾರಭಾರಿ?"

"ಯಾರ ಮುಟ್ತಾರ್ರಿ? ಈ ಬಿಸಲಾಗ ಕೈ ಇಟ್ರ ತೊಗಲ ಸುಲೀತೈತಿ. ಕುತ್ತಿಗಿ ಬೆಸುಗಿ ಮೊದಲಿಂದ ಹಿಂಗ ಐತ್ರಿ."

ಮನ್ಸೂರಅಲಿ ಕುತ್ತಿಗೆಯ ಮಾತೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಯಾವ ಕಾಲದಲ್ಲೂ ಇದ್ದಾರೆ.

"ಹೌದೌದು, ಮೊದಲಿಂದ ಹಿಂಗ ಐತಿ," ಎಂದು ಅಮೀನ ತಲೆಯಾಡಿಸಿದ. "ಕಣ್ಣಿಗೇನಾತು? ಕೆಂಡ ಆಗ್ಯಾವ."

"ಕಣ್ಣಬ್ಯಾನಿ ರೀ. ಊರ ತುಂಬ ಬಂದೈತಿ." ಭಾಗಣ್ಣ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ಒರೆಸುವಾಗ ಅವನ ಅಂಗಿಯ ಬಲತೋಳು ಬಿಸಿಲಿಗೆ ಬಂತು. ಮಣಿಕಟ್ಟಿನಿಂದ ಮೊಣಕೈವರೆಗೆ ಸೂಜಿಮೊನೆಯಷ್ಟು ಸುಟ್ಟ ತೂತುಗಳು.

"ಬೀಡಿ ಕಿಡಿ ಬಿತ್ರಿ," ಎಂದ, ಕೇಳದೆಯೇ.

ಎಲೆಯಡಿಕೆ ಬಿಟ್ಟು ಬೀಡಿ ಹಿಡಿದದ್ದು ಯಾವಾಗ ಎಂದು ಕೇಳಬೇಕೆನಿಸಿತು. ಮನ್ಸೂರಅಲಿ ನಾಲಗೆ ಕಚ್ಚಿಕೊಂಡ. ಹಾವಿನ ಹುತ್ತದ ಮೇಲೆ ನಿಂತು ಪುಂಗಿ ಊದುವುದು ಜಾಣತನವಲ್ಲ.

ಹೊರಡುವ ಮುನ್ನ ಎತ್ತಿನ ಎದುರಿಗೆ ಬಂದು ನಿಂತು ಇನ್ನೊಮ್ಮೆ ನೋಡಿದ. ಬೆಸುಗೆಯ ಸಾಲು ಮುಗಿಯುವಲ್ಲಿ ಜೋಳದ ಕಾಳಿನಷ್ಟು ಒಂದು ಗುಳಿ. ಗುಳಿ ಇದ್ದದ್ದು ಅವನ ಬಲಗಡೆಗೆ.

*

"ಬಲಗಡಿಗೆ ಇದ್ರ ಏನಾತ್ರಿ?" ಎಂದು ಜಮಾದಾರ ಅಲ್ಲಾಬಕ್ಷ ಕೇಳಿದ.

ಸರಕಾರಿ ಮೋಟಾರು ಶಹಾಪುರ ದಾಟಿ ದೋರನಹಳ್ಳಿಯ ದಾರಿ ಹಿಡಿದಿತ್ತು. ಧೂಳು ತಿನ್ನಬಾರದೆಂದು ಅಲ್ಲಾಬಕ್ಷ ರುಮಾಲಿನ ಸೆರಗನ್ನು ಬಾಯಿಗೆ ಕಟ್ಟಿಕೊಂಡಿದ್ದ. ಆದರೂ ಮಾತು ಬಿಟ್ಟಿರಲಿಲ್ಲ.

ನಿನ್ನೆ ಲಾಕಪ್ಪಿನ ಸರಳಿನ ಆಚೆಯಿಂದ ಮರಿಲಿಂಗಪ್ಪ ಹೇಳಿದ್ದನ್ನು ಮನ್ಸೂರಅಲಿ ನೆನಪಿಸಿಕೊಂಡ. 'ಉರಿ ಎತ್ತಿದ ಜಾಗಾದಾಗ ಒಂದು ಗುಳಿ ಬೀಳ್ತೈತ್ರಿ. ನಾ ಬಲಗೈಯಾಂವ, ನನ್ನ ಬೆಸುಗಿ ಎಡಕ್ಕ ಹೋಗಿ ಮುಗೀತೈತಿ. ಮಾವ ದ್ಯಾವಪ್ಪ ಎಡಚ. ಅವನದು ಬಲಕ್ಕ ಮುಗೀತೈತಿ. ಯಾರ ಕೈ ಅಂತ ಅದನ್ನ ನೋಡೇ ಹೇಳಬಹುದ್ರಿ.'

"ಈ ಸೀಮ್ಯಾಗ ಗ್ಯಾಸ್ ಬೆಸುಗಿ ಬಲ್ಲವರು ಎಷ್ಟು ಮಂದಿ, ಅಲ್ಲಾಬಕ್ಷ?"

"ಇಬ್ರ ರಿ. ದ್ಯಾವಪ್ಪ ರೈಲಿನ ಕಾರಖಾನ್ಯಾಗ ಕಲತು ಬಂದ. ಹೆಂಡತಿ ತಮ್ಮಗ ಕಲಿಸಿದ."

"ಒಬ್ಬ ಲಾಕಪ್ಪಿನಾಗ ಅದಾನ, ಇಪ್ಪತ್ತೈದು ದಿನದಿಂದ. ಎಂಟು ದಿನದೊಳಗ ಎಡಗೈಲೆ ಎತ್ತಿನ ಕುತ್ತಿಗಿ ತಿದ್ದಿದಾಂವ ಯಾರು?"

ಅಲ್ಲಾಬಕ್ಷ ರುಮಾಲು ಕೆಳಗೆ ಎಳೆದ. "ತೋಬಾ ತೋಬಾ. ಸತ್ತಾಂವ ಬಂದು ಬೆಸುಗಿ ಹಾಕ್ಯಾನೇನ್ರಿ?"

"ಸತ್ತಿದ್ರ."

"ಹುಟ್ಟುಗುಣ ಸುಟ್ರೂ ಹೋಗೂದಿಲ್ಲ ಅಂತಾರ. ಇಂವ ಸುಟ್ಟ ಮ್ಯಾಲೂ ಬೆಸುಗಿ ತಿದ್ದಾಕ ಬಂದಾನಂದ್ರ!"

ನಗಬೇಕಾದ ಮಾತೇ. ಮನ್ಸೂರಅಲಿಗೆ ನಗು ಬರಲಿಲ್ಲ. ಆ ಕರಕಲು ಹೆಣವನ್ನು ದ್ಯಾವಪ್ಪನದೆಂದು ಗುರುತಿಸಿದ್ದು ಕೈಯ ಕಡಗ ನೋಡಿ. ಕಡಗಕ್ಕೇನು, ಯಾರ ಕೈಗೂ ತೊಡಿಸಬಹುದು. ಅದನ್ನು ನಂಬಿ ಒಬ್ಬನ ಕೊರಳಿಗೆ ಉರುಳು ತಯಾರಿಸಿದವನು ತಾನೇ.

*

ದ್ಯಾವಪ್ಪನ ಹೆಂಡತಿ ಸುಗಲಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬರಿಗೈ, ಬರಿಹಣೆ. ಬಾಗಿಲಿಗೆ ಬಂದ ಅಮೀನನನ್ನು ನೋಡಿಯೂ ಮೊರ ಕೆಳಗಿಡಲಿಲ್ಲ.

"ನನ್ನ ತಮ್ಮನ್ನ ಬಿಟ್ರೇನ್ರಿ?"

"ಇಲ್ಲ. ಸಂಜಿ ಗಾಡಿಗೆ ಕಳಸ್ತೀವಿ."

ಮೊರ ಒಂದು ಕ್ಷಣ ನಿಂತಿತು. ಮತ್ತೆ ಆಡಿತು.

ಅಂಗಳದ ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ಹಳೆಯ ಕುಲುಮೆ. ತಿದಿಯ ಮೇಲೆ ಧೂಳು ಕೂತಿತ್ತು. ಇಕ್ಕಳಗಳು ಗೋಡೆಗೆ ತೂಗಿದ್ದವು. ಅವುಗಳ ಕೆಳಗೆ ಜಾಲಿಯ ಕೊರಡಿನ ಮೇಲೆ ಅಡಿಗಲ್ಲು, ಕಾದ ಕಬ್ಬಿಣ ಇಟ್ಟು ಬಡಿಯುವ ಉಕ್ಕಿನ ದಿಮ್ಮಿ, ನೆಟ್ಟಗೆ ನಿಂತಿತ್ತು. ಬುಡಕ್ಕೆ ಹೊಸ ಅರಿಶಿನ, ಮೇಲೊಂದು ಕಣಗಿಲೆ ಹೂ. ಹೂ ಇನ್ನೂ ಬಾಡಿರಲಿಲ್ಲ.

ಮನ್ಸೂರಅಲಿ ಅದನ್ನೇ ನೋಡಿದ. ಮರಿಲಿಂಗಪ್ಪ ಲಾಕಪ್ಪಿನಲ್ಲಿ ತನ್ನ ಜೀವಕ್ಕಾಗಿ ಅತ್ತಿರಲಿಲ್ಲ. ಬೇರೆಯದಕ್ಕೆ ಅತ್ತಿದ್ದ. 'ನಮ್ಮ ಮನಿತನದಾಗ ಯಜಮಾನ ಸತ್ತ ಮೂರನೇ ದಿನ ಅಡಿಗಲ್ಲ ಮಲಗಸ್ತೀವ್ರಿ. ವರ್ಷ ತನಕ ಅದರ ಮ್ಯಾಲ ಸುತ್ತಿಗಿ ಬೀಳಬಾರದು. ನಾ ಇಲ್ಲಿ ಕುಂತೀನಿ. ನಮ್ಮಕ್ಕ ಯಾರ ಕೈಲೆ ಮಲಗಿಸಿದ್ಲೋ ಏನೋ.'

ಅಕ್ಕ ಯಾರ ಕೈಯಲ್ಲೂ ಮಲಗಿಸಿರಲಿಲ್ಲ.

"ಸುಗಲಮ್ಮ, ಅಡಿಗಲ್ಲ ಇನ್ನೂ ನಿಂತೈತಲ್ಲ?"

"ಮಲಗಿಸಾಕ ಗಂಡಸ್ರು ಯಾರದಾರ್ರಿ ಮನ್ಯಾಗ? ಇದ್ದ ಒಬ್ಬನ್ನ ನೀವ ಒಯ್ದೀರಿ."

"ಓಣಿ ಮಂದಿ ಕರದ್ರ ಬರ್ತಿದ್ದಿಲ್ಲೇನು?"

"ಕಮ್ಮಾರರ ಕಲ್ಲು ಕಮ್ಮಾರರ ಮಲಗಿಸಬೇಕು."

"ಹೂ ಏರಸೂದು?"

"ದೇವರ್ರಿ ಅದು."

ಉತ್ತರಗಳೆಲ್ಲ ತಯಾರಿದ್ದವು. ಒಂದಕ್ಕೂ ತಡವರಿಸಲಿಲ್ಲ. ದುಃಖದಲ್ಲಿರುವವರು ಇಷ್ಟು ಚೆನ್ನಾಗಿ ಉತ್ತರ ಕೊಡುವುದಿಲ್ಲ ಎಂಬುದು ಮನ್ಸೂರಅಲಿಗೆ ಇಪ್ಪತ್ತು ವರ್ಷದ ನೌಕರಿ ಕಲಿಸಿತ್ತು. ಅವನು ಕೋಟಿನ ತೋಳು ಮೇಲೆ ಸರಿಸಿದ.

"ಅಲ್ಲಾಬಕ್ಷ, ಬಾ. ಪಾಪ, ಹೆಣ್ಣಮಗಳು ಒಬ್ಬಾಕಿನ ಅದಾಳ. ನಾವಿಬ್ರೂ ಕೂಡಿ ಮಲಗಿಸಿಬಿಡೋಣು."

ಅಲ್ಲಾಬಕ್ಷನಿಗೆ ಅರ್ಥವಾಗಲಿಲ್ಲ. ಆದರೂ ಬಂದು ಕೊರಡಿನ ಆ ಬದಿ ಬಗ್ಗಿದ. ಮನ್ಸೂರಅಲಿ ಈ ಬದಿ ಬಗ್ಗಿದ. ಇಬ್ಬರ ಕೈಯೂ ಕಬ್ಬಿಣಕ್ಕೆ ತಾಗಿದ್ದೇ ತಡ, ಮೊರ ಹಾರಿ ಬಿತ್ತು, ಜೋಳ ಅಂಗಳದ ತುಂಬ ಚೆಲ್ಲಿತು.

"ಮುಟ್ಟಬ್ಯಾಡ್ರಿ!"

ಸುಗಲಮ್ಮ ಬಂದು ಅಡಿಗಲ್ಲನ್ನು ಎರಡೂ ತೋಳಿನಿಂದ ತಬ್ಬಿ ಮೇಲೆ ಬಿದ್ದಿದ್ದಳು. ಹೂ ಅವಳ ಎದೆಯ ಕೆಳಗೆ ಅಪ್ಪಚ್ಚಿಯಾಯಿತು.

"ಬಳಿ ಒಡದಿ," ಎಂದ ಮನ್ಸೂರಅಲಿ ಮೆಲ್ಲಗೆ. "ಕುಂಕುಮ ಅಳಿಸಿದಿ. ತಾಳಿ ತಗದಿ. ಇದೊಂದ ಯಾಕ ಆಗವಲ್ತು?"

ಅವಳು ಮುಖ ಎತ್ತದೆ ಹೇಳಿದಳು.

"ಬಳಿ ಬಳಿಗಾರ ಮತ್ತ ಇಡಸ್ತಾನ್ರಿ. ಬದಕಿದ್ದಾಂವನ ಅಡಿಗಲ್ಲ ಮಲಗಿಸಿದ್ರ ಆಂವ ಏಳೂದಿಲ್ಲ."

ಅಲ್ಲಾಬಕ್ಷ ಬಗ್ಗಿದವನು ಬಗ್ಗಿಯೇ ಇದ್ದ.

ಆಮೇಲೆ ಮಾತು ಕಟ್ಟೆ ಒಡೆದ ಹಾಗೆ ಬಂತು. ಗುಡಿಸಲು ಸುಡುವ ಮೊದಲು ಕಾರಭಾರಿ ಭಾಗಣ್ಣ ಬಂದಿದ್ದ. ವಾಡೆಯ ಅಡಿಯ ನೆಲಮನೆಯಲ್ಲಿ ಎರಡು ತಿಂಗಳ ಕೆಲಸವಿದೆ, ಗುಟ್ಟಿನ ಕೆಲಸ, ಒಲ್ಲೆ ಎಂದರೆ ಗಂಡ ಹೆಂಡತಿ ಇಬ್ಬರೂ ಉಳಿಯುವುದಿಲ್ಲ ಎಂದಿದ್ದ.

"ಏನ ಕೆಲಸ?"

"ನಳಿಗಿ ಕೂಡಸೂದು ಅಂದ್ರು. ಉದ್ದನ್ನ ನಳಿಗಿ."

ಆ ವರ್ಷ ಹೈದರಾಬಾದ್ ಸೀಮೆಯಲ್ಲಿ ಎಲ್ಲರೂ ಎಲ್ಲರನ್ನೂ ಅನುಮಾನದಿಂದ ನೋಡುತ್ತಿದ್ದರು. ಉದ್ದನೆಯ ನಳಿಗೆ ಯಾತಕ್ಕೆಂದು ಬಿಡಿಸಿ ಹೇಳಬೇಕಿರಲಿಲ್ಲ. ಬಂದೂಕು ಕೊಳ್ಳುವವರು ನಿಜಾಮನ ಪರ, ವಿರೋಧ, ಎರಡೂ ಕಡೆ ಇದ್ದರು.

"ಆ ಹೆಣ?"

"ಹೊಳ್ಯಾಗ ತೇಲಿ ಬಂದ ಅನಾಥ ಹೆಣ ಅಂದ್ರು. ಇವರ ಕೈಯಾಗಿನ ಕಡಗ ಉಚ್ಚಿ ಅದಕ್ಕ ತೊಡಿಸಿದ್ರು. ಸತ್ತಾಂವನ್ನ ಯಾರೂ ಹುಡುಕೂದಿಲ್ಲ ಅಂದ್ರು. ಕೆಲಸ ಮುಗದ ಮ್ಯಾಲ ಇಬ್ರನ್ನೂ ಸೋಲಾಪುರಕ್ಕ ದಾಟಿಸ್ತೀವಿ ಅಂದ್ರು." ಅವಳು ಅಮೀನನ ಮುಖ ನೋಡಿದಳು. "ನನ್ನ ತಮ್ಮನ್ನ ಹಿಡೀತೀರಿ ಅಂತ ನನಗೇನ ಗೊತ್ರಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಿ. ಬಾಯಿ ಬಿಟ್ರ ಗಂಡ ಹೋಗ್ತಾನ. ಮುಚ್ಚಿದ್ರ ತಮ್ಮ ಹೋಗ್ತಾನ. ನಾ ಏನ ಮಾಡ್ಲಿ?"

ಬರೆ ಎಳೆದ ಕೈ ಮನ್ಸೂರಅಲಿಯದೇ ಆಗಿತ್ತು.

"ಗಂಡ ಬದಕ್ಯಾನ ಅಂತ ಹ್ಯಾಂಗ ನಂಬಿದಿ? ಭಾಗಣ್ಣನ ಮಾತಿನ ಮ್ಯಾಲೇನು?"

ಸುಗಲಮ್ಮ ಒಳಗೆ ಹೋದಳು. ಜೋಳದ ಕಣಜದ ಹಿಂದಿನಿಂದ, ಬೆಸುಗೆಯ ಗ್ಯಾಸು ಮಾಡುವ ಕಾರ್ಬೈಡಿನ ಒಂದು ಖಾಲಿ ಡಬ್ಬಿ ತಂದಳು. ಮುಚ್ಚಳ ತೆಗೆದಾಗ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ಅರಿವೆಯಲ್ಲಿ ಸುತ್ತಿದ ಮೂರು ಕಬ್ಬಿಣದ ಗುಬ್ಬಿಗಳು. ಮುರಿದ ನೇಗಿಲ ಕುಡದ ಚೂರು ಮೈ, ಮೊಳೆಯ ಕೊಕ್ಕು, ಕತ್ತರಿಯ ಅಲಗಿನ ರೆಕ್ಕೆ. ಅಂಗೈಯಲ್ಲಿ ಹಿಡಿಸುವಷ್ಟು.

"ಸಂತಿಗೊಂದು ಬರ್ತಾವ್ರಿ. ಶಹಾಪುರದ ಸಂತಿಗೆ ಬರೋ ವಾಡೇದ ಬಂಡಿ ಇಲ್ಲಿ ತನಕ ಬಂದು ಬಾಗಲಿಗೆ ಡಬ್ಬಿ ಇಟ್ಟು ಹೋಗ್ತೈತಿ. ಗುಬ್ಬಿ ಬಂತಂದ್ರ ಜೀವ ಐತಿ ಅಂತ ನಾವಿಬ್ರೂ ಮೊದಲ ಮಾತಾಡಿಕೊಂಡಿದ್ವಿ."

ಅವಳು ಮೂರನ್ನೂ ಅಡಿಗಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಅವಳ ಮುಖದಲ್ಲಿ ಆ ದಿನ ಮೊದಲ ಸಲ ಒಂದು ಬೆಳಕು ಕಂಡಿತು. ಮನ್ಸೂರಅಲಿ ಬಗ್ಗಿ ನೋಡಿದ. ಮೊದಲನೆಯ ಗುಬ್ಬಿಯ ಎದೆಯ ಮೇಲೆ ಅಡ್ಡ ಬೆಸುಗೆ, ಕೊನೆಯ ಗುಳಿ ಬಲಕ್ಕೆ. ಎರಡನೆಯದು, ಬಲಕ್ಕೆ. ಮೂರನೆಯದು.

ಅವನು ತಟ್ಟನೆ ನೆಟ್ಟಗಾದ. ಮುಖದಲ್ಲಿ ಏನೂ ತೋರಿಸಬಾರದೆಂದುಕೊಂಡ. ಆದರೆ ಎದುರಿಗಿದ್ದವಳು ಕಮ್ಮಾರನ ಹೆಂಡತಿ. ಅಮೀನನ ಕಣ್ಣು ಎಲ್ಲಿ ತಡೆಯಿತೋ ಅವಳ ಕಣ್ಣೂ ಅಲ್ಲಿಗೇ ಹೋಯಿತು.

ಮೂರನೆಯ ಗುಬ್ಬಿಯ ಗುಳಿ ಎಡಕ್ಕಿತ್ತು.

"ಗುಬ್ಬಿ ಬಂತು ಅನ್ನೋ ಸಂತೋಷದಾಗ ನಾ ನೋಡೇ ಇಲ್ಲ," ಎಂದಳು. ಧ್ವನಿ ಬೇರೆ ಯಾರದೋ ಆಗಿತ್ತು. "ಇದು ಅವರ ಕೈ ಅಲ್ರಿ."

ಗೋಡೆಯಿಂದ ಸುತ್ತಿಗೆ ಇಳಿಸಿದಳು. ಉಳಿದೆರಡನ್ನು ಪಕ್ಕಕ್ಕೆ ಸರಿಸಿ, ಮೂರನೆಯದನ್ನು ಮಲಗಿಸಿ, ಒಂದೇ ಏಟು ಹಾಕಿದಳು. ಬೆಸುಗೆ ಬಿಟ್ಟಿತು. ಗುಬ್ಬಿಯ ತಲೆ ಉರುಳಿ ಬಂದು ಅಮೀನನ ಬೂಟಿನ ಬಳಿ ನಿಂತಿತು.

"ಅವರ ಬೆಸುಗಿ ಸುತ್ತಿಗಿಗೆ ಬಿಡೂದಿಲ್ರಿ. ಇದ ಯಾರ ಕೈ?"

ಬೆಸುಗೆಯ ಉರಿಗೆ ಕೆಂಡವಾದ ಕಣ್ಣು. ಬಲತೋಳಿನ ಸುಟ್ಟ ತೂತು. ಬೆಳಗಿನಿಂದ ಮನ್ಸೂರಅಲಿಯ ತಲೆಯಲ್ಲಿ ಬಿಡಿಬಿಡಿಯಾಗಿ ಬಿದ್ದಿದ್ದ ಚೂರುಗಳು ಒಂದಕ್ಕೊಂದು ಕೂಡಿದವು. ಮೊದಲು ಕೈ ಪಳಗಿಸಲು ಎತ್ತಿನ ಕುತ್ತಿಗೆಗೆ ಕುಳ್ಳಿನಂಥ ಬೆಸುಗೆ ತಟ್ಟಿದವನು, ಆಮೇಲೆ ಈ ಗುಬ್ಬಿ ಮಾಡಿದವನು, ಇಬ್ಬರೂ ಒಬ್ಬನೇ.

"ಭಾಗಣ್ಣ ಕಲಿಯಾಕತ್ತಾನ," ಎಂದ. "ನಿನ್ನ ಗಂಡನ ಮಗ್ಗಲಾಗ ನಿಂತು."

ಕಲಿತ ಮೇಲೆ ಕಲಿಸಿದವನು ಯಾತಕ್ಕೆ ಬೇಕು? ಆ ಮಾತು ಅವನ ಬಾಯಿಗೆ ಬರುವ ಮೊದಲೇ ಅವಳು ಸುತ್ತಿಗೆ ಬಿಟ್ಟು ಮಲಗಿಸಲು ಅಡಿಗಲ್ಲಿನ ಅಂಚಿಗೆ ಕೈ ಹಾಕಿದಳು.

"ತಡಿ!" ಮನ್ಸೂರಅಲಿ ಅಡ್ಡ ಬಂದ. "ನೀನ ನೋಡಿದೆಲ್ಲ, ಒಂದ ಏಟಿಗೆ ಬಿಡ್ತು. ಇಷ್ಟು ಕೆಟ್ಟ ಬೆಸುಗಿ ಹಾಕೋ ತನಕ ಅಂವಗ ಗುರು ಬೇಕ ಬೇಕು. ಎತ್ತಿನ ಕುತ್ತಿಗಿ ಮೊನ್ನಿ ಮೊನ್ನಿ ನಿನ್ನ ಗಂಡನ ತಿದ್ದ್ಯಾನ, ನಾ ಕಣ್ಣಾರೆ ನೋಡಿ ಬಂದೀನಿ."

"ಖರೇನ್ರಿ?"

"ಖರೆ. ಆ ಗಂಟು ಬೆಸುಗಿ ಅವನ ಕಣ್ಣಿಗೆ ಬಿತ್ತು, ತಡಕೊಳ್ಳಾಕ ಆಗಲಿಲ್ಲ."

ಸುಗಲಮ್ಮ ಅತ್ತಳು, ಅಳುತ್ತಲೇ ನಕ್ಕಳು. "ಹೌದ್ರಿ. ಕೆಟ್ಟ ಬೆಸುಗಿ ನೋಡಿದ್ರ ಅವರಿಗೆ ಕೂಳು ಇಳಿಯೂದಿಲ್ಲ. ಜೀವ ಹೋದ್ರೂ ತಿದ್ದತಾರ."

"ನಿನ್ನ ಹೇಳಿಕಿ ಬರಕೋತೀನಿ. ತಮ್ಮ ಗಾಡಿ ಹತ್ತೂದಿಲ್ಲ. ಹೊತ್ತು ಮುಳಗೂದರೊಳಗ ವಾಡೇದ ನೆಲಮನಿ ಒಡೀತೀನಿ."

ಅವನು ಇಷ್ಟು ಧೈರ್ಯವಾಗಿ ಮಾತಾಡಿ ತಿಂಗಳಾಗಿತ್ತು. ಮೋಟಾರಿನತ್ತ ಕಳಿಸೋಣವೆಂದು ಅಲ್ಲಾಬಕ್ಷನ ಕಡೆ ತಿರುಗಿದರೆ, ಅವನು ಆಗಲೇ ಓಣಿಯಲ್ಲಿದ್ದ. ಎತ್ತಿನ ಕೊರಳ ಗಂಟೆಯ ಸದ್ದು ಕೇಳಿ ಓಡಿದ್ದ. ಒಂದು ಬಂಡಿ ನಿಂತ ಸದ್ದು, ಒಬ್ಬ ಮುದುಕನ ಗೊಣಗಾಟ.

ಅಲ್ಲಾಬಕ್ಷ ಡಬ್ಬಿ ಹಿಡಿದು ಬಂದ.

"ವಾಡೇದ ಬಂಡಿ ರಿ. ಇವತ್ತ ಶಹಾಪುರದ ಸಂತಿ. ಬಂಡ್ಯಾಂವಗ ಏನೂ ಗೊತ್ತಿಲ್ಲಂತ. ಕಾರಭಾರಿ ಕೊಟ್ರು, ತಂದೆ ಅಂತಾನ."

ಸುಗಲಮ್ಮ ಡಬ್ಬಿ ಕಸಿದುಕೊಂಡಳು. ಅರಿವೆ ಬಿಚ್ಚಿದಳು. ನಾಲ್ಕನೆಯ ಗುಬ್ಬಿ.

ಚೆಂದದ ಗುಬ್ಬಿ. ರೆಕ್ಕೆ ಎತ್ತಿ ಈಗ ಹಾರಿತು ಎನ್ನುವಂತಿತ್ತು. ಬೆಸುಗೆಯ ಅಲೆಗಳು ಹುರುಪೆ ಹುರುಪೆಯಾಗಿ ಎದೆಗೆ ಅಡ್ಡಲಾಗಿ ಸಾಗಿ, ಒಂದು ಸಣ್ಣ ಗುಳಿಯಲ್ಲಿ ಮುಗಿದಿದ್ದವು.

ಗುಳಿ ಎಡಕ್ಕಿತ್ತು.

ಅವಳು ಗುಬ್ಬಿಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತಿದಳು. ಬಿಡಲಿ, ಯಾ ಅಲ್ಲಾ, ಬಿಡಲಿ ಎಂದು ಮನ್ಸೂರಅಲಿ ಒಳಗೊಳಗೆ ಬೇಡಿಕೊಂಡ.

ಏಟು ಬಿತ್ತು. ಸುತ್ತಿಗೆ ಪುಟಿಯಿತು.

ಎರಡನೆಯ ಏಟಿಗೆ ರೆಕ್ಕೆ ಸೊಟ್ಟಗಾಯಿತು. ಮೂರನೆಯ ಏಟಿಗೆ ಕೊಕ್ಕು ಚಪ್ಪಟೆಯಾಯಿತು. ಬೆಸುಗೆ ಬಿಡಲಿಲ್ಲ.

ಸುಗಲಮ್ಮ ಸುತ್ತಿಗೆಯನ್ನು ನೆಲಕ್ಕಿಟ್ಟಳು. ಚಪ್ಪಟೆಯಾದ ಗುಬ್ಬಿಯನ್ನೂ ಅಪ್ಪಚ್ಚಿಯಾದ ಹೂವನ್ನೂ ಸೆರಗಿನಿಂದ ಒರೆಸಿ ತೆಗೆದಳು. ಅಡಿಗಲ್ಲಿನ ಒಂದು ಬದಿಗೆ ಎರಡೂ ಕೈ ಹಚ್ಚಿ, ಅಮೀನನ ಕಡೆ ನೋಡಿದಳು.

"ನನ್ನ ಒಬ್ಬಾಕಿ ಕೈಲೆ ಆಗೂದಿಲ್ರಿ, ಸಾಹೇಬ್ರ. ಆಗಳೆ ಮಲಗಿಸಾಕ ಬಂದಿದ್ರೆಲ್ಲ. ಈಗ ಆ ಕಡಿ ಹಿಡೀರಿ."